ಪಕ್ಕದ ಕಲ್ಲು

ತಾರೀಖು ಹನ್ನೊಂದು, ಮಂಗಳವಾರ. ರಾತ್ರಿ.

ಪಾಳು ಮಂದಿರದ ನೆಲದಡಿ ಹೂತಿಟ್ಟಿದ್ದ ಸಂತನ ಹಲ್ಲು ಸಿಕ್ಕಿತು. ಟೊಳ್ಳು ಹುಡುಕುವ ಯಂತ್ರ ಹೊತ್ತು ತಂದಿದ್ದ ಎದುರಾಳಿ ತಂಡಕ್ಕಿಂತ ಮೊದಲು ನನಗೂ ಮಗನಿಗೂ ಸಿಕ್ಕಿತು. ಮೊದಲು ತೆಗೆದವರಿಗೇ ಅದನ್ನು ಕಾಯುವ ಹಕ್ಕು ಎಂದು ಊರ ಹಿರಿಯರು ಹೇಳಿದ್ದರು. ಆದರೂ ಗೆದ್ದೆ ಅನಿಸುತ್ತಿಲ್ಲ.

ನೆಲದ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು, ಅಡಿಯಲ್ಲಿ ಟೊಳ್ಳಿದೆಯೋ ಇಲ್ಲವೋ ಹೇಳುವುದು ನನ್ನ ಕಸುಬು. ಎರಡು ವರ್ಷದಿಂದ ಕಿವಿ ಕೈಕೊಟ್ಟಿದೆ. ಯಾರಿಗೂ ಹೇಳಿಲ್ಲ. ಕರೆದರೆ ಅಪ್ಪ ತಿರುಗಿಯೂ ನೋಡುವುದಿಲ್ಲ ಎಂದು ಮಗ ಮಾತು ಬಿಟ್ಟ. ನಾನೂ ಬಿಟ್ಟೆ. ಅದೇ ಸುಲಭವಾಗಿತ್ತು.

ಇವತ್ತು ಆ ಪಾಳು ಮಂದಿರದಲ್ಲಿ, ಎದುರಾಳಿಗಳೆಲ್ಲ ನೋಡುತ್ತಿರುವಾಗ, ಒಂದೊಂದೇ ಕಲ್ಲು ಬಡಿದು, ಕೊನೆಗೆ ಒಂದನ್ನು ತೋರಿಸಿ "ಇದೇ" ಅಂದೆ. ಬರೀ ಅಂದಾಜು. ಮಗ ಹಾರೆ ಎತ್ತಲಿಲ್ಲ. ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಕೈ ಹಿಡಿದು ಪಕ್ಕದ ಕಲ್ಲಿನ ಮೇಲಿಟ್ಟ. ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದ: "ಅಪ್ಪಾ, ನೀನು ತೋರ್ಸಿದ್ದು ಇದನ್ನೇ ತಾನೆ?"

ತಲೆಯಾಡಿಸಿದೆ. ಹಲ್ಲಿದ್ದ ಸೀಸದ ಡಬ್ಬಿ ಅದರ ಅಡಿಯಲ್ಲೇ ಇತ್ತು. ಎದುರಾಳಿಗಳು, ಎಂಥ ಕಿವಿ ಎನ್ನುವಂತೆ ತಮ್ಮ ಕಿವಿ ಮುಟ್ಟಿ ತೋರಿಸಿ, ನನಗೆ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಮನೆಗೆ ಬಂದವನೇ ಕೋಣೆಯ ಚಿಲಕ ಹಾಕಿಕೊಂಡೆ. ಅವನೇ ಬಂದು ಮಾತಾಡಿಸಲಿ ಎಂದು ಸಂಜೆಯೆಲ್ಲ ಕಾದೆ. ಬರಲಿಲ್ಲವೆಂದು, ಕಲ್ಲು ಮನಸ್ಸಿನವನು ಎಂದು ಬೈದೂ ಬಿಟ್ಟೆ.

ಈಗಷ್ಟೇ ನೀರಿಗೆಂದು ಎದ್ದು ಬಾಗಿಲು ತೆರೆದರೆ, ಹೊಸ್ತಿಲ ಆಚೆ ಎರಡು ಲೋಟ ಚಹಾ. ಎರಡೂ ತಣ್ಣಗಾಗಿ ಕೆನೆಗಟ್ಟಿವೆ. ಅವನ ಕೋಣೆಯ ದೀಪ ಆರಿದೆ.

ಎಷ್ಟು ಹೊತ್ತು ಬಾಗಿಲು ಬಡಿದನೋ.