ಮೂರನೇ ಪೆಟ್ಟಿಗೆಯ ಕೂಸು

ಪಾಲ್ಯೋಕಾಸ್ತ್ರೊ, ಸೆಪ್ಟೆಂಬರ್ 9

ಪ್ರೊಫೆಸರ್ ಲಾಸ್ಕಾರಿಸ್ ಅವರಿಗೆ ಸ್ತಮಾತಾಳ ನಮಸ್ಕಾರ.

ಮ್ಯೂಸಿಯಂನ ಕೀಲಿಕೈ ಕಾವಲುಗಾರನಿಗೆ ಕೊಟ್ಟಿದ್ದೇನೆ. ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ. ಗಾಜನ್ನು ಒಣಬಟ್ಟೆಯಲ್ಲೇ ಒರೆಸಬೇಕೆಂದು ಹೊಸಬಳಿಗೆ ಹೇಳಿ. ಇನ್ನೊಂದು ಕೋರಿಕೆ: ಮೂರನೇ ಪೆಟ್ಟಿಗೆಯ ಮಡಕೆಯಲ್ಲಿರುವ ಕೂಸಿನ ಮೂಳೆಗಳನ್ನು ಅಥೆನ್ಸಿಗೆ ಪರೀಕ್ಷೆಗೆ ಕಳಿಸಬೇಡಿ.

ಮಡಕೆ ಎರಡೂವರೆ ಸಾವಿರ ವರ್ಷ ಹಳೆಯದು, ನಿಜ. ನಿಮಗಿಂತ ಮುಂಚೆ ಹಳೆಯ ವಸ್ತುಗಳಿಗಾಗಿ ಇಲ್ಲಿ ಅಗೆದವರ ಬಳಿ ಕೂಲಿಗಿದ್ದ ನನ್ನಪ್ಪ ಅದನ್ನು ಕದ್ದು ತಂದಿದ್ದ. ಕೂಸು ಮಾತ್ರ ನನ್ನದು. ಹುಟ್ಟಿದ ನಾಲ್ಕನೇ ದಿನ ಹೋಯಿತು. "ದೀಕ್ಷಾಸ್ನಾನ ಆಗ್ದಿರೋ ಕೂಸಿಗೆ ಸ್ಮಶಾನದಲ್ಲಿ ಜಾಗ ಇಲ್ಲ, ಎತ್ಕೊಂಡ್ ಹೋಗಮ್ಮ," ಎಂದರು ಪಾದ್ರಿ. ಅಪ್ಪ ಅದನ್ನು ಮಡಕೆಯಲ್ಲಿಟ್ಟು ಆಲಿವ್ ಮರದ ಬುಡದಲ್ಲಿ ಹೂತ. "ಹಿಂದಿನೋರು ಹಿಂಗೇ ಮಾಡ್ತಿದ್ರು ಮಗಾ, ಅವ್ರ ದೇವ್ರುಗಳು ಬೇಡ ಅಂತಿರ್ಲಿಲ್ಲ," ಎಂದ.

ನೀವು ಅಗೆದು ತೆಗೆದಾಗ ತೊಳೆಯಲು ಕೊಟ್ಟದ್ದು ನನಗೇ. ದೃಷ್ಟಿಯಾಗದಿರಲೆಂದು ನಾನು ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ಮಣಿ ಮಣ್ಣಿನಲ್ಲಿ ಸಿಕ್ಕಿತು. ಯಾರೂ ನೋಡದ ಹಾಗೆ ಬಾಯಲ್ಲಿಟ್ಟುಕೊಂಡೆ. ಅದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಕೂಸು ಈ ಕಾಲದ್ದೆಂದು ಅಂದೇ ಗೊತ್ತಾಗುತ್ತಿತ್ತು.

ಹನ್ನೊಂದು ವರ್ಷ ಆ ಗಾಜು ಒರೆಸಿದೆ. "ಪಾಪ, ಇದರ ತಾಯಿ ಎಷ್ಟು ಅತ್ತಳೋ!" ಎಂದು ಪ್ರವಾಸಿಗರಿಗೆ ಹೇಳುತ್ತಲೇ ನೀವು, "ಸ್ತಮಾತಾ, ಸ್ವಲ್ಪ ಆ ಕಡೆ ಸರಿ, ಅವರಿಗೆ ಕಾಣ್ತಿಲ್ಲ," ಎನ್ನುತ್ತಿದ್ದಿರಿ. ಸರಿಯುತ್ತಿದ್ದೆ.

ನಿಜ ಹೊರಬಿದ್ದರೆ ಈ ಕೂಸಿನ ಮೇಲೆ ಪುಸ್ತಕ ಬರೆದ ನಿಮಗೂ ಕಷ್ಟ. ಚೀಟಿಯ ಮೇಲೆ ಎರಡೂವರೆ ಸಾವಿರ ವರ್ಷವೆಂದೇ ಇರಲಿ. ಅಷ್ಟು ಹಳೆಯದಾದರೆ ಮಾತ್ರ ಈ ಊರಿನಲ್ಲಿ ನನ್ನ ಮಗಳಿಗೆ ಜಾಗವಿದೆ.

ಇತಿ,
ಆ ಕಡೆ ಸರಿದು ನಿಂತ
ಸ್ತಮಾತಾ