ಕ್ಯಾಮೆರಾ ಕಣ್ಣಿಗೆ ಜೇನುಮೇಣ

ಮಗಳೇ,

ಹೂವಿನ ಕಾಲ. ಪೆಟ್ಟಿಗೆಗಳಲ್ಲಿ ಜೇನು ತುಂಬಿ ನಿಂತಿದೆ, ಅದನ್ನು ತೆಗೆಯಲು ನಾನೂ ಅಮ್ಮನೂ ಹೊರಟೆವು. ನಿನ್ನನ್ನು ಎಬ್ಬಿಸುವ ಧೈರ್ಯ ಬರಲಿಲ್ಲ.

ಹನ್ನೊಂದಕ್ಕೆ ಕಂಪ್ಯೂಟರಿನಲ್ಲೇ ನಿನ್ನ ಕೆಲಸದ ಸಂದರ್ಶನವಂತೆ. ಅಮ್ಮ ಹೇಳಿದ್ದು ಈಗ. ಆ ಕಂಪ್ಯೂಟರನ್ನೇ ನಾನು ನಿನ್ನೆ ಕೆಡಿಸಿಟ್ಟಿದ್ದೇನೆ.

ನಿನ್ನ ಮದುವೆ ಮುರಿದದ್ದನ್ನು ನೀನು ಅದರೆದುರು ಕೂತು ಗೆಳತಿಗೆ ಅಳುತ್ತ ಹೇಳಿದೆ. ಮರುದಿನ ಪರದೆ ತುಂಬ ಮದುವೆ ಉಂಗುರಗಳ ಜಾಹೀರಾತು! ಕದ್ದು ಕೇಳುತ್ತಿದೆ ಎಂದು ನನಗೆ ಮೈಯೆಲ್ಲ ಉರಿಯಿತು. ರಿಪೇರಿಯವನಿಗೆ ಫೋನ್ ಮಾಡಿದರೆ, "ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂತಿದೆ, ಒಳಗೆ ಹೋಗಿ ಯಜಮಾನ್ರೇ" ಅಂದ. ಒಳಗೇನೋ ಹೋದೆ. ಕೇಳಿದ್ದಕ್ಕೆಲ್ಲ ಬೇಡ, ಬೇಡ ಎಂದು ಒತ್ತಿದೆ. ಅದೂ ಸಾಲದೆಂದು ಕ್ಯಾಮೆರಾ ಕಣ್ಣಿಗೂ ಮೈಕಿನ ತೂತಿಗೂ ಜೇನುಮೇಣ ಮೆತ್ತಿದೆ. "ನಿಮ್ಮ ಕೈಗೆ ಮೇಣ ಬಿಟ್ರೆ ಬೇರೆ ವಿದ್ಯೆ ಬರಲ್ವಾ?" ಅಂತ ಅಮ್ಮನಿಂದ ಮಂಗಳಾರತಿಯಾಯಿತು.

ಕಣ್ಣಿನ ಮೇಣ ಕೆರೆದು ಬಿಸಿ ಬಟ್ಟೆಯಲ್ಲಿ ಒರೆಸಿದ್ದೇನೆ, ಆದರೂ ಮಸುಕು. ತೂತಿಗೆ ಸೂಜಿ ಹಾಕಬೇಡ. ನಾನು ಹಾಕಿ ಇನ್ನಷ್ಟು ಒಳಗೆ ತಳ್ಳಿದ್ದೇನೆ. ಒತ್ತಿದ್ದನ್ನೆಲ್ಲ ವಾಪಸ್ ಮಾಡುವುದು ನನಗೆ ತಿಳಿಯಲಿಲ್ಲ. ಆಗದಿದ್ದರೆ ಟೈಲರಮ್ಮನ ಮನೆಗೆ ಓಡು. ಅವರ ಕಂಪ್ಯೂಟರು ಕೊಡುತ್ತಾರೆ, ಮನೆಯಲ್ಲಿದ್ದರೆ.

ಈ ಕೆಲಸವೂ ನನ್ನಿಂದಲೇ ಕೈತಪ್ಪಿದರೆ ಏನು ಮಾಡಲಿ ಗೊತ್ತಾಗುತ್ತಿಲ್ಲ. ಆ ಸಂಬಂಧಕ್ಕೆ ನಿನ್ನನ್ನು ಒಪ್ಪಿಸಿದವನು ನಾನು. 'ತಪ್ಪಾಯ್ತು' ಅನ್ನೋ ಒಂದು ಮಾತು ನಿನಗೆ ಬಾಕಿ ಇದೆ. ಚೀಟಿಯಲ್ಲಿ ಬರೆದು ಅದನ್ನು ತೀರಿಸಿದೆ ಅನ್ನಲಾರೆ. ಸಂಜೆ ಎದುರು ಕೂತು ಹೇಳುತ್ತೇನೆ, ಬಾಯಿ ಬಂದರೆ.

ಅಪ್ಪ