ಮಲಗಿಸಿ ತೆಗೆದ ಚಿತ್ರ

ಮಾರ್ಚ್ 4, ಬೆಳಿಗ್ಗೆ 8.20
ಮತ್ತೆ ಅದೇ ಗೋಳು. ಸ್ಕ್ಯಾನ್ ರೂಮಿನ ಬೀಗ ತೆಗೆಯುವ ಮುಂಚೆಯೇ ದೊಡ್ಡ ಡಾಕ್ಟರ ಫೋನು. ಮಿದುಳಿನ ರಕ್ತದ ಹರಿವಿನ ಚಿತ್ರ ಮಧ್ಯಾಹ್ನದೊಳಗೆ ಬೇಕಂತೆ. ಟೀ ಹೇಳಿದ ಹಾಗೆ ಹೇಳುತ್ತಾರೆ, ಮಹಾನುಭಾವರು.

ಐದು ವರ್ಷದ ಹುಡುಗಿ. ಆಗಾಗ ಎಡಗೈ, ಎಡಗಾಲು ಶಕ್ತಿಯಿಲ್ಲದೆ ಬಿದ್ದುಹೋಗುತ್ತವೆ, ಮತ್ತೆ ತಾವೇ ಸರಿಹೋಗುತ್ತವೆ. ಬಂದಾಗಲೂ ಎಡಗೈ ಒದ್ದೆ ಟವೆಲಿನಂತೆ ಜೋತಾಡುತ್ತಿತ್ತು. ತಾಯಿ ಬಾಯಿ ಮುಚ್ಚುವವಳಲ್ಲ. ಅವಳು ಮಾತಾಡಿದಳು, ನಾನು ಫಾರಂ ತುಂಬಿದೆ. ಎಂದಿನಂತೆ ಮೊದಲು ನಿದ್ದೆಯ ಸಿರಪ್, ಆಮೇಲೆ ಚಿತ್ರಕ್ಕೆ ಬೇಕಾದ ಔಷಧಿಯ ಸೂಜಿ, ಆಮೇಲೆ ಚಿತ್ರ. ಎಚ್ಚರವಿದ್ದಾಗ ಚುಚ್ಚಿದರೆ ಕಿರುಚಾಟ… ಯಾರಿಗೆ ಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕ್ರಮ. ನಾನೇ ಮಾಡಿದ್ದು.

ಮಾರ್ಚ್ 5
ಚಿತ್ರ ನಾರ್ಮಲ್. ದೊಡ್ಡವರ ತೀರ್ಪು — "ನಾಟಕ. ತಾಯಿ ತಲೆ ಮೇಲೆ ಕೂರಿಸ್ಕೊಂಡಿದಾಳೆ." ಚಿಕ್ಕ ಡಾಕ್ಟರ್ ಗೋಣು ಆಡಿಸಿದ. ಅವನಿಗೆ ಸರಿಯಾಗಿ ಬರುವ ಕೆಲಸ ಅದೊಂದೇ. ನಾನೂ ನಕ್ಕೆ.

ಮಾರ್ಚ್ 26, ಮಧ್ಯಾಹ್ನ
ಅದೇ ತಾಯಿ. ಹುಡುಗಿಯ ಗದ್ದಕ್ಕೆ ನಾಲ್ಕು ಹೊಲಿಗೆ.

"ನಾಟಕ ಅಂತ ಚೀಟೀಲಿ ಬರೆದ್ರಲ್ಲ, ಸ್ಕೂಲಲ್ಲಿ ಟೀಚರ್ ಓದಿದ್ರು. ಕಾಲು ಬಿದ್ದೋಗಿತ್ತು. ಎದ್ದು ನಡಿ ಅಂದ್ರಂತೆ. ಇವಳು ನಡೆದ್ಲು, ಮೆಟ್ಟಿಲ ಮೇಲೆ."

ಹುಡುಗಿಯನ್ನು ದಾಖಲು ಮಾಡಿಕೊಂಡಿದ್ದಾರೆ; ಸೋಮವಾರದಿಂದ ಮಾನಸಿಕ ವಾರ್ಡಂತೆ. ತಾಯಿಗೆ ಪ್ರವೇಶವಿಲ್ಲ. ತಾಯಿ ದೂರವಾದರೆ ನಾಟಕ ನಿಲ್ಲುತ್ತದೆ — ದೊಡ್ಡ ತಲೆಯ ದೊಡ್ಡ ಐಡಿಯಾ.

"ಮಲಗಿ ಎದ್ರೆ ಸರಿಹೋಗತ್ತೆ ಅಂತ ಅವತ್ತೇ ಹೇಳಿದ್ನಲ್ಲ" ಅಂದಳು.

ಮಲಗಿದರೆ ಹೋಗುವ ರೋಗ. ನಾವು ಮೊದಲು ಮಲಗಿಸಿದೆವು, ಆಮೇಲೆ ಚುಚ್ಚಿದೆವು. ಚುಚ್ಚಿದ ಔಷಧಿ ರಕ್ತದ ಜೊತೆ ಹೋಗಿ ಎರಡು ನಿಮಿಷದಲ್ಲಿ ಮಿದುಳಿಗೆ ಅಂಟಿಕೊಳ್ಳುತ್ತದೆ. ಚುಚ್ಚಿದ ಗಳಿಗೆಯ ಹರಿವೇ ಚಿತ್ರ, ಯಾವಾಗ ತೆಗೆದರೂ. ಪ್ರತಿ ವರ್ಷ ಹೊಸಬರಿಗೆ ಈ ಪಾಠ ಹೇಳುವುದು ನಾನೇ. ಥೂ.

ಮಾರ್ಚ್ 27
ಮತ್ತೊಮ್ಮೆ ಚಿತ್ರ ತೆಗೆಯೋಣ ಅಂದೆ. ದೊಡ್ಡವರು: "ಒಂದು ಸಲ ತೆಗೆದಾಯ್ತಲ್ಲ." ಚಿಕ್ಕವನ ಮುಂದೆ ಅನುಮತಿಯ ಕಾಗದ ಹಿಡಿದೆ. ಬೆವರಿದ, ಸಹಿ ಹಾಕಿದ. ಗೋಣಾಡಿಸುವವರಿಂದಲೂ ಉಪಯೋಗ ಇದೆ.

ಸೂಜಿ ತುಂಬಿಕೊಂಡು ಹಾಸಿಗೆ ಪಕ್ಕ ಕೂತೆ. 11.40ಕ್ಕೆ ಹುಡುಗಿಯ ಎಡಗೈಯಿಂದ ಬಿಸ್ಕತ್ತು ಬಿತ್ತು. ಕೂಡಲೇ ಚುಚ್ಚಿದೆ. ಕಿರುಚಿದಳು. ಆಮೇಲೆ ಮಲಗಿಸಿದೆ. ಚಿತ್ರದಲ್ಲಿ ಎಡಗೈ, ಎಡಗಾಲು ಆಡಿಸುವ ಮಿದುಳಿನ ಬಲಭಾಗವೆಲ್ಲ ಮಬ್ಬು, ರಕ್ತದ ಹರಿವೇ ಕಡಿಮೆ.

ಮಾರ್ಚ್ 28, ಸಂಜೆ
ದೊಡ್ಡವರು ರೋಗದ ಉದ್ದ ಹೆಸರು ಹೇಳುತ್ತಾ ಕಾರಿಡಾರ್ ತುಂಬ ಓಡಾಡಿದರು. ಲಕ್ಷಕ್ಕೊಬ್ಬರಿಗೂ ಬರುವುದಿಲ್ಲವಂತೆ. "ನಂಗೆ ಮೊದಲೇ ಡೌಟ್ ಇತ್ತು." ಇತ್ತಂತೆ! ಮಾನಸಿಕ ವಾರ್ಡು ರದ್ದು.

ಅವರ ಮುಖಕ್ಕೆ ಹಿಡಿಯಲೆಂದು ಹಳೆಯ ಫಾರಂ ಹುಡುಕಿದೆ. ಸಿಕ್ಕಿತು. 'ಮಲಗಿದರೆ ಸರಿಹೋಗುತ್ತದೆ — ತಾಯಿ.' ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ. ಫಾರಂ ಅವರ ಮೇಜಿಗೆ ಹೋಗಿಯೇ ಇಲ್ಲ.

ಅಷ್ಟರಲ್ಲಿ ತಾಯಿ ಬಂದು ನನ್ನ ಕೈ ಹಿಡಿದುಕೊಂಡಳು. "ನನ್ನ ಮಾತು ಕಿವಿಗೆ ಹಾಕ್ಕೊಂಡೋರು ನೀವೊಬ್ರೇ." ಹುಡುಗಿ ಗದ್ದದ ಹೊಲಿಗೆ ಮುಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಫಾರಂ ಮಡಿಸಿ ಜೇಬಿಗೆ ಹಾಕಿಕೊಂಡೆ. ಬಾಯಿ ಬಿಡಲಿಲ್ಲ. ಊರವರನ್ನೆಲ್ಲ ಬಯ್ಯುವ ಬಾಯಿ.

ನಾಳೆ ಒಂಬತ್ತಕ್ಕೆ ಅವರ ಡಿಸ್ಚಾರ್ಜ್. ಎಂಟೂವರೆಗೇ ಹೋಗಿ, ಫಾರಂ ಅವಳ ಕೈಗೆ ಕೊಟ್ಟು, ನೋಡಮ್ಮ, ಅವತ್ತು ನಾನು ಬರೆದುಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನಬೇಕು.